ಗೆರೆ ಒಂದೇ ಇರಲಿ: ಕಡಲಂಚಿನವರ ಪ್ರಣಾಳಿಕೆ

ಈ ಕೂಟಕ್ಕೆ ಇನ್ನೂ ಹೆಸರಿಟ್ಟಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ ಎಂದು ಹಿರಿಯರೊಬ್ಬರು ಮೊದಲ ಸಭೆಯಲ್ಲೇ ಹೇಳಿದರು, ಎಲ್ಲರೂ ಒಪ್ಪಿದೆವು. ನಾವು ಯಾಕೆ ಸೇರಿದ್ದೇವೆ, ಏನು ಕೇಳುತ್ತೇವೆ, ಏನು ಕೇಳುವುದಿಲ್ಲ ಎಂಬುದು ಮೊದಲು ಕಾಗದದ ಮೇಲೆ ಬರಲಿ. ತಲಪಾಡಿಯಿಂದ ಮಾಜಾಳಿಯವರೆಗೆ ಕಡಲಂಚಿನಲ್ಲಿ ಇರುವ ಯಾರಾದರೂ ಇದನ್ನು ಓದಿ, ತಿದ್ದಿ, ಜಗಳವಾಡಿ ನಮ್ಮ ಜೊತೆ ಸೇರಬಹುದು.

ನಮ್ಮ ಕಥೆ ಶುರುವಾಗುವುದು 2021ರ ಮೇ 15ರಂದು. ಅಂದು ಶನಿವಾರ, ಮೇಲಿಂದ ಲಾಕ್‌ಡೌನ್. ತೌಕ್ತೆ ಚಂಡಮಾರುತ ನಮ್ಮ ದಡಕ್ಕೆ ಬಡಿಯಲೂ ಇಲ್ಲ; ಕಡಲಲ್ಲೇ ದೂರದಿಂದ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಅದರ ಸೆರಗು ತಾಗಿದ್ದಕ್ಕೇ ಸೋಮೇಶ್ವರ, ಬಟ್ಟಪ್ಪಾಡಿಯಿಂದ ಮರವಂತೆಯವರೆಗೆ ದಡ ಕುಸಿಯಿತು. ಮೂಲ್ಕಿಯ ಆಚೆ ಬಂಡೆಗೆ ಸಿಕ್ಕಿಬಿದ್ದ ಹಡಗಿನಿಂದ 9 ಮಂದಿಯನ್ನು ಕಾಪಾಡಿ ತರಬೇಕಾಯಿತು. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಒಬ್ಬಂಟಿ ಅಜ್ಜಿ. ಬೆಳಿಗ್ಗೆ ಹೋಗಿ ನೋಡಿದರೆ ಅಡುಗೆಕೋಣೆಯ ಪಡುವಣ ಗೋಡೆಯೇ ಇರಲಿಲ್ಲ. ಒಲೆಯ ಎದುರು ನಿಂತರೆ ನೇರ ಕಡಲು. ಅರೆಯುವ ಕಲ್ಲು ಮಾತ್ರ ಇದ್ದಲ್ಲೇ ಇತ್ತು. ಅದರ ಗುಳಿಯಲ್ಲಿ ಉಪ್ಪುನೀರು, ನೀರಿನಲ್ಲಿ ಒಂದು ಚಿಕ್ಕ ಏಡಿ.

ನಾಲ್ಕು ದಿನ ಬಿಟ್ಟು ಟೇಪು ಹಿಡಿದುಕೊಂಡು ಒಬ್ಬರು ಬಂದರು. ಒಳ್ಳೆಯ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದರು. ಯಾವುದು ಒಳಗೆ, ಯಾವುದು ಹೊರಗೆ ಎಂದು ಹೇಳುವ ಸ್ಥಿತಿಯಲ್ಲಿ ಆ ಮನೆ ಇರಲಿಲ್ಲ, ಆ ಮಾತು ಬೇರೆ.

"ಡೋರ್ ನಂಬರ್ ಉಂಟಾ ಅಮ್ಮ?"

"ಉಂಟು. ಕರೆಂಟು ಬಿಲ್ಲೂ ಉಂಟು."

"ಹಕ್ಕುಪತ್ರ?"

ಅಜ್ಜಿ ಮಾತಾಡಲಿಲ್ಲ. ಜಾಗ ಪರಂಬೋಕು, ಅಂದರೆ ಸರ್ಕಾರದ್ದು. ಅವರ ಅತ್ತೆಯ ಕಾಲದಿಂದಲೂ ಪರಂಬೋಕೇ.

"ಹಾಗಾದರೆ ಗೋಡೆ ಪುನಃ ಕಟ್ಟಲಿಕ್ಕೆ ಬರುವುದಿಲ್ಲ ಅಮ್ಮ. ಸಿಆರ್‌ಝಡ್ ಬರ್ತದೆ."

ಅಜ್ಜಿ ಅದು ಯಾರದೋ ಹೆಸರು ಅಂದುಕೊಂಡರು. "ಅವರು ಬಂದರೆ ಬರಲಿ, ನಾನೇ ಮಾತಾಡ್ತೇನೆ" ಅಂದರು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಮನೆಯ ಕೂಗಳತೆಯಲ್ಲಿ, ಅಜ್ಜಿಯ ಒಲೆಗಿಂತಲೂ ಕಡಲಿಗೆ ಹತ್ತಿರ, ಮರದ ಕಂಬಗಳ ಮೇಲೆ ಆರು ಕೋಣೆಗಳು ಎದ್ದವು. ಹೊರಗೆ ದೀಪದ ಸರ, ಒಳಗೆ ಎ.ಸಿ. ವಿಚಾರಿಸಿದರೆ ಎಲ್ಲ "ತಾತ್ಕಾಲಿಕ" ಎಂದರು. ಅಜ್ಜಿಯ ಪಡುವಣ ಗೋಡೆಯ ಜಾಗದಲ್ಲಿ ಇವತ್ತಿಗೂ ನೀಲಿ ಟರ್ಪಾಲು ಇದೆ. ಅಂದರೆ ನಮ್ಮಲ್ಲಿ ತಾತ್ಕಾಲಿಕವಾದದ್ದು ಗಟ್ಟಿಯಾಗಿ ನಿಂತಿದೆ, ಮೂರು ತಲೆಮಾರಿನದು ಟರ್ಪಾಲಿನಲ್ಲಿದೆ.

ನಮ್ಮ ತಕರಾರು ಇಷ್ಟೇ. ಕಡಲಂಚಿನಲ್ಲಿ ಎಳೆದ ಗೆರೆ ಮೀನುಗಾರನಿಗೆ ಒಂದು, ಪ್ರವಾಸೋದ್ಯಮಕ್ಕೆ ಇನ್ನೊಂದು ಆಗಬಾರದು. ಗಾಳಿಮಳೆಗೆ ಬಿದ್ದ ಮನೆ ಮತ್ತೆ ಎದ್ದು ನಿಂತ ಮೇಲೆಯೇ ಆ ದಡದಲ್ಲಿ ಹೊಸ ಕೋಣೆಯ ಮಾತು ಬರಬೇಕು.

ಗೆರೆಯ ಕಥೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಮ್ಮಲ್ಲಿ ಬಹುಮಂದಿಗೆ ಸಿಆರ್‌ಝಡ್ ಎಂದರೆ ಬೈಗುಳದ ಹಾಗೆ ಕೇಳಿ ಗೊತ್ತೇ ಹೊರತು ಓದಿ ಗೊತ್ತಿಲ್ಲ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರವರಿಯಲ್ಲಿ. 2011ರಲ್ಲಿ ಹೊಸದು, 2019ರ ಜನವರಿಯಲ್ಲಿ ಇನ್ನೂ ಹೊಸದು. ಲೆಕ್ಕವೆಲ್ಲ ಭರತದ ಗೆರೆಯಿಂದ, ಅಂದರೆ ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತದಲ್ಲಿ ನೀರು ಏರಿ ಮುಟ್ಟುವ ಕೊನೆಯ ಜಾಗದಿಂದ. 2011ರ ನಿಯಮದಲ್ಲಿ ಹಳ್ಳಿಯ ದಡಕ್ಕೆ 200 ಮೀಟರ್ ಕಟ್ಟಡವಿಲ್ಲದ ವಲಯ ಇತ್ತು. ಮೀನುಗಾರರ ಮನೆಗಳಿಗೆ 100ರಿಂದ 200 ಮೀಟರ್ ನಡುವೆ ಅವಕಾಶವಿತ್ತು. 2019ರದ್ದು ಹಳ್ಳಿಗಳನ್ನೇ ಎರಡು ಮಾಡಿತು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವಲ್ಲಿ ವಲಯ 50 ಮೀಟರಿಗೆ ಇಳಿಯಿತು, ಉಳಿದಲ್ಲಿ 200 ಹಾಗೇ ಉಳಿಯಿತು. 2161 ಮಂದಿ ಇದ್ದರೆ ಕಡಲು 200 ಮೀಟರ್ ದೂರ, ಆ ಗಣತಿಯಲ್ಲಿ 2162ನೇ ತಲೆ ಸಿಕ್ಕಿದ್ದರೆ 50. ಜನ ಹೆಚ್ಚಿದ್ದಲ್ಲಿ ಅಪಾಯಕ್ಕೆ ಹತ್ತಿರ ಕಟ್ಟಬಹುದು ಎಂಬ ಈ ಲೆಕ್ಕ ಅಲೆಗಳಿಗೆ ತಿಳಿದಿದೆಯೋ ಇಲ್ಲವೋ ನಾವರಿಯೆವು.

ಬಿದ್ದದ್ದನ್ನು ಕಟ್ಟಬಾರದು ಎಂದು ನಿಯಮ ಹೇಳುವುದಿಲ್ಲ. ಇದ್ದ ಪಂಚಾಂಗದಲ್ಲೇ, ಇದ್ದ ಅಳತೆ ಮೀರದೆ ದುರಸ್ತಿ ಮಾಡಬಹುದು, ಪುನಃ ಕಟ್ಟಬಹುದು. ಆದರೆ ಅದು "ಅಧಿಕೃತ" ಕಟ್ಟಡವಾಗಿರಬೇಕು. ಬೀಗ ಹಾಕಿರುವುದು ಆ ಒಂದು ಪದದಲ್ಲಿ. ನಮ್ಮ ಮನೆಗಳು ನಕ್ಷೆಗಿಂತ ಹಳೆಯವು, ಕಾಗದಕ್ಕಿಂತಲೂ ಹಳೆಯವು. ಇನ್ನೊಂದು ಕಡೆ ಅದೇ ಅಧಿಸೂಚನೆ ಪ್ರವಾಸೋದ್ಯಮಕ್ಕೆ ತೆರೆದ ಬಾಗಿಲುಗಳು ನೋಡಿ. ಭರತದ ಗೆರೆಯಿಂದ 10 ಮೀಟರ್ ಬಿಟ್ಟು ತಾತ್ಕಾಲಿಕ ಶ್ಯಾಕು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಹಾಕಬಹುದು. ಕಟ್ಟಡವಿಲ್ಲದ ವಲಯದೊಳಗೆ ರಾಷ್ಟ್ರೀಯ ಅಥವಾ ರಾಜ್ಯ ಹೆದ್ದಾರಿ ಹಾದುಹೋದರೆ ಅದರ ಮೂಡಬದಿಯಲ್ಲಿ ರೆಸಾರ್ಟು, ಹೋಟೆಲು ಬರಬಹುದು. ಹೆದ್ದಾರಿ 66 ಅಲ್ಲಲ್ಲಿ ಕಡಲಿಗೆ ಮೈ ತಾಗಿಸಿಕೊಂಡು ಓಡುವ ಕರಾವಳಿ ನಮ್ಮದು. ಈ ಸಾಲಿನ ಬೆಲೆ ಎಷ್ಟೆಂದು ಜಾಗದ ದಲ್ಲಾಳಿಗಳಿಗೆ ನಮಗಿಂತ ಮೊದಲೇ ಗೊತ್ತಾಗಿದೆ.

ಇನ್ನೂ ಒಂದು ಗೆರೆ ಇದೆ, ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಅಪಾಯದ ಗೆರೆ. ಅಲೆ, ಭರತ, ಕಡಲ್ಕೊರೆತ, ಏರುವ ಸಮುದ್ರಮಟ್ಟ ಎಲ್ಲ ಲೆಕ್ಕ ಹಾಕಿ ಸರ್ವೆ ಆಫ್ ಇಂಡಿಯಾ ದೇಶದ ಕರಾವಳಿಯುದ್ದಕ್ಕೂ ಇದನ್ನು ಗುರುತಿಸಿದೆ. 2019ರ ಅಧಿಸೂಚನೆ ಅದನ್ನು ಕಟ್ಟಡ ತಡೆಯುವ ಗೆರೆಯಾಗಿ ಇಡಲಿಲ್ಲ. ವಿಪತ್ತು ನಿರ್ವಹಣೆಗೆ ಒಂದು ಸಲಕರಣೆ, ಯೋಜನೆ ಮಾಡುವಾಗ ಗಣನೆಗೆ ತೆಗೆದುಕೊಳ್ಳಿ ಎಂದು ಬಿಟ್ಟಿತು. ಕಡಲು ಎಲ್ಲಿಯವರೆಗೆ ಬರಬಹುದು ಎಂದು ತಿಳಿದವರು, ತಿಳಿದದ್ದನ್ನು ಕಪಾಟಿನಲ್ಲಿ ಇಟ್ಟು ಅದರ ಮುಂದೆ ಕೋಣೆ ಬಾಡಿಗೆಗೆ ಕೊಡಲು ಅನುಮತಿ ಬರೆಯುತ್ತಾರೆ. ಪ್ರವಾಸಿಯೂ ಯಾರದೋ ಮನೆಯ ಮಗನೇ ಅಲ್ಲವೇ? ಅವನನ್ನು ಆ ಗೆರೆಯ ಕಡಲ ಬದಿಯಲ್ಲಿ ಮಲಗಿಸುವವರು ಅವನಿಗಾದರೂ ವಿಷಯ ಹೇಳಬೇಕು.

ಇದು ನಮ್ಮೂರಿನ ಗ್ರಹಚಾರ ಮಾತ್ರ ಅಲ್ಲ. 2004ರ ಸುನಾಮಿಯ ಬಳಿಕ ಶ್ರೀಲಂಕಾ ಸರ್ಕಾರ ದಕ್ಷಿಣ ಮತ್ತು ಪಶ್ಚಿಮ ದಡದಲ್ಲಿ 100 ಮೀಟರ್, ಉತ್ತರ ಮತ್ತು ಪೂರ್ವದಲ್ಲಿ 200 ಮೀಟರ್ ಒಳಗೆ ಮನೆ ಕಟ್ಟಬಾರದೆಂದು ಸಾರಿತು. ಜೀವ ಉಳಿಸಲು ಎಂದೇ ಹೇಳಿತು. ಹೋಟೆಲುಗಳಿಗೆ ವಿನಾಯಿತಿ ಸಿಕ್ಕಿತು. ಅರುಗಂ ಕೊಲ್ಲಿಯ ಮೀನುಗಾರರು, ಅಲೆ ನಮ್ಮನ್ನು ಕೊಲ್ಲುತ್ತದೆ, ಹೋಟೆಲಿನವರನ್ನು ಬಿಡುತ್ತದೆಯೋ ಎಂದು ಬೀದಿಗಿಳಿದರು. ಆಮೇಲೆ ಅಲ್ಲಿಯ ಸರ್ಕಾರ ಆ ದೂರವನ್ನು ಸಡಿಲಿಸಬೇಕಾಯಿತು. ಬಿರುಗಾಳಿ ಒಂದು ರಾತ್ರಿಯಲ್ಲಿ ತೆರವು ಮಾಡಿಕೊಟ್ಟ ದಡ ಯಾರ ಕೈಗೆ ಹೋಗುತ್ತದೆ ಎಂಬುದು ಮುಂದಿನ ಆರು ತಿಂಗಳಲ್ಲಿ ತೀರ್ಮಾನವಾಗುತ್ತದೆ. ಆ ಆರು ತಿಂಗಳು ನಾವು ಗಂಜಿ ಕೇಂದ್ರ, ಪರಿಹಾರದ ಅರ್ಜಿ, ಮಕ್ಕಳ ಶಾಲೆ ಎಂದು ಓಡಾಡುತ್ತಿರುತ್ತೇವೆ.

ಇನ್ನು ಮರಳು. ಮಳೆಗಾಲದಲ್ಲಿ ಕಡಲು ದಡದ ಮರಳು ಎಳೆದುಕೊಂಡು ಹೋಗಿ ಅಲ್ಲೇ ಮುಂದೆ ನೀರಿನಡಿ ದಿಣ್ಣೆ ಹಾಕುತ್ತದೆ. ನವರಾತ್ರಿಯ ಬಳಿಕ ತಂದು ಹಾಕುತ್ತದೆ. ಸಾಲ ತೆಗೆದುಕೊಂಡು ಹಿಂದಿರುಗಿಸುವ ಮರ್ಯಾದಸ್ಥ ಕಡಲು ನಮ್ಮದು. ಆದರೆ ಅಳಿವೆಗಳಲ್ಲಿ ಕಲ್ಲಿನ ತಡೆಗೋಡೆ ಹಾಕಿ, ಹೊಳೆಗೆ ಅಣೆಕಟ್ಟು ಕಟ್ಟಿ, ಹೊಳೆಯ ಮರಳನ್ನು ಲಾರಿಗೆ ತುಂಬಿದ ಮೇಲೆ ಕೊಡಲು ಅದರ ಹತ್ತಿರ ಏನಿದೆ? ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಿಂದ ಕಡಲೊಳಗೇ ದಿಬ್ಬ ಹಾಕಿದ್ದನ್ನೂ ಮರವಂತೆಯಲ್ಲಿ ಕಡಲಿಗೆ ಚಾಚಿದ ಕಲ್ಲಿನ ತೋಳುಗಳನ್ನೂ ನೋಡಿದ್ದೇವೆ. ಅಲ್ಲಿ ತಡೆದ ಮರಳು ಮುಂದಿನ ಊರಿಗೆ ಸಿಗುವುದಿಲ್ಲ, ಗೋಡೆ ಮುಗಿದ ತುದಿಯಾಚೆಯ ಮೊದಲ ಮನೆ ಮೊದಲು ಬೀಳುತ್ತದೆ.

ಇಲ್ಲಿ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. "ಕಲ್ಲು ಹಾಕಿ" ಎಂದು ಪ್ರತಿ ಜೂನ್‌ನಲ್ಲಿ ರಸ್ತೆ ತಡೆದವರು ನಾವೇ. ನೆರೆಯವರ ಮನೆಗೆ ಕುತ್ತು ಬರುತ್ತದೆ ಎಂದು ಗೊತ್ತಿದ್ದೂ ಹಾಕಿಸಿಕೊಂಡೆವು. ಕಡಲ ಬದಿಯ ಮೂರು ಸೆಂಟ್ಸ್ ಮಾರಿ ಮಗಳ ಮದುವೆ ಮಾಡಿದವರು ನಮ್ಮೊಳಗೇ ಇದ್ದಾರೆ, ಅವರನ್ನು ನಾವು ದೂರುವುದಿಲ್ಲ. ಕಡಲಿಗೆ ಹೋಗುವ ದಾರಿಗೆ ಗೇಟು ಬಿದ್ದಾಗ ಸುಮ್ಮನಿದ್ದದ್ದಕ್ಕೆ ಮಾತ್ರ ನಮ್ಮನ್ನು ನಾವೇ ದೂರಿಕೊಳ್ಳುತ್ತೇವೆ.

ದಡ "ಖಾಲಿ" ಆದದ್ದೂ ಒಂದೇ ದಿನದಲ್ಲಲ್ಲ. ರಂಪಣಿ ಇದ್ದಾಗ ಒಂದು ಬಲೆ ಎಳೆಯಲು ಇಡೀ ಊರು ಎರಡು ಸಾಲಾಗಿ ಮರಳಲ್ಲಿ ನಿಲ್ಲುತ್ತಿತ್ತು. ಆಗ ಬೀಚು ಎಂಬ ಮಾತೇ ಇರಲಿಲ್ಲ, ಅದು ಕೆಲಸದ ಅಂಗಳ. 1970ರ ದಶಕದಲ್ಲಿ ಬೋಟಿನಿಂದ ಬೀಸುವ ಪರ್ಸೀನ್ ಬಲೆ ಬಂತು, ರಂಪಣಿ ಮೂಲೆ ಸೇರಿತು, ಚಿಕ್ಕದಾದ ಕೈರಂಪಣಿ ಅಲ್ಲೊಂದು ಇಲ್ಲೊಂದು ಉಳಿಯಿತು. ಬೋಟುಗಳು ಬಂದರಿಗೆ ಹೋದವು. ಮರಳಲ್ಲಿ ಉಳಿದದ್ದು ನಾಡದೋಣಿ, ಒಣಮೀನು ಹರವುವ ಹೆಂಗಸರು, ಬಲೆ ಹೆಣೆಯುವ ಮುದುಕರು. ನಕ್ಷೆ ಬರೆಯುವವರ ಕಣ್ಣಿಗೆ ಇವರು ಬೀಳುವುದಿಲ್ಲ. ಬಂಗುಡೆ ಒಣಗುವ ಜಾಗಕ್ಕೆ ಬಣ್ಣವಿಲ್ಲ. ಪಡುಬಿದ್ರಿಗೂ ಕಾಸರಕೋಡಿಗೂ 2020ರಲ್ಲಿ ಬೀಚುಗಳಿಗೆ ಕೊಡುವ ನೀಲಿಧ್ವಜ ಬಂತು, ಸಂತೋಷ. ಅದಕ್ಕೆ 33 ಮಾನದಂಡಗಳಿವೆಯಂತೆ: ನೀರು, ಸುರಕ್ಷತೆ, ಸೌಕರ್ಯ, ಪರಿಸರ ಶಿಕ್ಷಣ. ನಮ್ಮ ಹೆಂಗಸರೊಬ್ಬರು ಕೇಳಿದ ಪ್ರಶ್ನೆ, "ಮೂವತ್ತನಾಲ್ಕನೆಯದು ನಮ್ಮ ಮೀನು ಒಣಗಿಸುವ ಜಾಗ ಆಗಬಹುದಾ?"

ಆದ್ದರಿಂದ ನಾವು ಕೇಳುವುದು:

ಚಂಡಮಾರುತಕ್ಕೂ ಕಡಲ್ಕೊರೆತಕ್ಕೂ ಮುಂಚಿನಿಂದ ವಾಸವಿದ್ದ ಮನೆಗೆ ಕರೆಂಟು ಬಿಲ್ಲು, ಪಡಿತರ ಚೀಟಿ, ಮತದಾರರ ಪಟ್ಟಿ ಇವೇ ಸಾಕ್ಷಿಯಾಗಲಿ. ಆ ಸಾಕ್ಷಿಯ ಮೇಲೆ ಮನೆ "ಅಧಿಕೃತ" ಎಂದು ಬರೆದುಕೊಡಿ. ಕಡಲು ನಿಜವಾಗಿ ತಿನ್ನುತ್ತಿರುವ ಜಾಗದಲ್ಲಿ ಪುನಃ ಕಟ್ಟಿಸಿ ಎಂದು ನಾವು ಹಠ ಹಿಡಿಯುವುದಿಲ್ಲ. ಹಿಂದೆ ಸರಿಯುತ್ತೇವೆ, ಆದರೆ ದೋಣಿಗೆ ನಡೆದು ಹೋಗುವಷ್ಟು ದೂರಕ್ಕೆ ಮಾತ್ರ. ಹತ್ತು ಕಿಲೋಮೀಟರ್ ಒಳಗೆ ಮೂರನೇ ಮಹಡಿಯಲ್ಲಿ ಮನೆ ಕೊಟ್ಟರೆ ಬಲೆ ಎಲ್ಲಿಡುವುದು? ಮತ್ತು ನಾವು ಬಿಟ್ಟುಬಂದ ಜಾಗ ಯಾವ ಕಾರಣಕ್ಕೂ ಕೋಣೆಯಾಗಕೂಡದು. ಮನುಷ್ಯ ಇರಲು ಅಪಾಯವಾದದ್ದು ಪ್ರವಾಸಿಗೂ ಅಪಾಯವೇ. ಅಲ್ಲಿ ಮರಳ ಬಳ್ಳಿ ಹಬ್ಬಲಿ.

ಶ್ಯಾಕುಗಳೂ ಹೋಟೆಲುಗಳೂ ಅನುಮೋದಿತ ಕರಾವಳಿ ವಲಯ ನಿರ್ವಹಣಾ ಯೋಜನೆಯೊಳಗಿನ ಪ್ರವಾಸೋದ್ಯಮ ಯೋಜನೆಗೆ ಒಳಪಟ್ಟೇ ಬರಬೇಕೆಂದು 2019ರ ನಿಯಮವೇ ಹೇಳುತ್ತದೆ. ಆ ಯೋಜನೆಯ ಕರಡಿಗೆ ಜಿಲ್ಲಾ ಮಟ್ಟದ ಸಾರ್ವಜನಿಕ ಅಹವಾಲು ಇದೆ. ಅದು ಸಾಲದು. ಪ್ರತಿ ಗ್ರಾಮಸಭೆಯಲ್ಲಿ ಕನ್ನಡದ ನಕ್ಷೆ, ಸರ್ವೆ ನಂಬರ್ ಕಾಣುವಷ್ಟು ದೊಡ್ಡದು, ಗೋಡೆಗೆ ತೂಗಲಿ. ಅದರಲ್ಲಿ ಮೊದಲು ದೋಣಿ ಎಳೆಯುವ ಜಾಗ, ಬಲೆ ಮತ್ತು ಮೀನು ಒಣಗಿಸುವ ಜಾಗ, ಕಡಲಿಗೆ ಹೋಗುವ ಪ್ರತಿಯೊಂದು ಓಣಿ, ದೈವಸ್ಥಾನ, ಸ್ಮಶಾನ ಬರಲಿ. ಉಳಿದ ಜಾಗಕ್ಕೆ ಆಮೇಲೆ ಬಣ್ಣ ಹಚ್ಚೋಣ.

ತಾತ್ಕಾಲಿಕ ಎಂದರೆ ಬಿಚ್ಚುವಂಥದ್ದು. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಕಡಲು ಮುಚ್ಚುತ್ತದೆ, ನಾವು ಪಾಲಿಸುತ್ತೇವೆ. ಮೇ ಮುಗಿಯುವುದರೊಳಗೆ ಶ್ಯಾಕೂ ಬಿಚ್ಚಿ ದಡ ಬಿಡಲಿ, ನವರಾತ್ರಿಗೆ ಬಂದು ಕಟ್ಟಿಕೊಳ್ಳಲಿ. ಬಿಚ್ಚಲಾಗದ್ದು ತಾತ್ಕಾಲಿಕವಲ್ಲ.

ಪ್ರವಾಸಿಗಳ ಮೇಲೆ ನಮಗೆ ಸಿಟ್ಟಿಲ್ಲ. ಮಲ್ಪೆಯಲ್ಲಿ ದೋಣಿ ಓಡಿಸುವ, ಮರವಂತೆಯಲ್ಲಿ ಬೊಂಡ ಮಾರುವ, ಮುರುಡೇಶ್ವರದಲ್ಲಿ ಕೋಣೆ ಗುಡಿಸುವ ಮಕ್ಕಳು ನಮ್ಮವರೇ. ಇದ್ದ ಮನೆಯ ಪಂಚಾಂಗವನ್ನೂ ಮುಖವನ್ನೂ ಬದಲಿಸದೆ ಹೋಮ್‌ಸ್ಟೇ ನಡೆಸಲು ಅಧಿಸೂಚನೆ ಸ್ಥಳೀಯರಿಗೆ ಅವಕಾಶ ಕೊಟ್ಟಿದೆ. ರೆಸಾರ್ಟಿಗೆ ಸಿಗುವ ಸಾಲ, ತರಬೇತಿ, ಜಾಹೀರಾತು ಈ ಮನೆಗಳಿಗೂ ಸಿಗಲಿ. ಅತಿಥಿಗೆ ಬೂತಾಯಿ ಪುಳಿಮುಂಚಿ ಬಡಿಸಿ, ಕಡಲು ಸರಿಯಿಲ್ಲದ ದಿನ "ಇವತ್ತು ಇಳಿಯಬೇಡಿ ಮಾರಾಯ್ರೆ" ಎಂದು ಹೇಳುವವರು ದಡದಲ್ಲಿ ಇರಬೇಕಾದವರು.

ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇವೆ. ಪಕ್ಕದ ಊರಿನ ಒಪ್ಪಿಗೆಯಿಲ್ಲದೆ ನಮ್ಮೂರಿಗೆ ಕಲ್ಲು ಹಾಕಿಸಿಕೊಳ್ಳುವುದಿಲ್ಲ. ಮರಳ ದಿಬ್ಬವನ್ನು ನಾವೂ ತೋಡುವುದಿಲ್ಲ, ಲಾರಿಗೆ ದಾರಿಯನ್ನೂ ತೋರಿಸುವುದಿಲ್ಲ. ಇದರಲ್ಲಿ ತಪ್ಪಿದವರ ಹೆಸರು, ಅದು ಸಂಚಾಲಕರದ್ದೇ ಇರಲಿ, ಸಭೆಯಲ್ಲಿ ಓದಲಾಗುತ್ತದೆ.

ಮೊದಲ ಕೆಲಸ ನೂಲಹುಣ್ಣಿಮೆಯ ದಿನ. ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಲು ಹೇಗೂ ಎಲ್ಲರೂ ಸೇರುತ್ತೇವೆ, ಹುಣ್ಣಿಮೆಯ ಭರತವೂ ದೊಡ್ಡದೇ. ಪೂಜೆ ಮುಗಿದ ಮೇಲೆ ಯಾರೂ ಮನೆಗೆ ಹೋಗಬೇಡಿ. ನೀರು ಏರಿ ನಿಂತ ಜಾಗದಲ್ಲಿ ಊರುದ್ದಕ್ಕೂ ಗೂಟ ಹೊಡೆಯುತ್ತೇವೆ, ಪ್ರತಿ ಮನೆಯಿಂದಲೂ ಪ್ರತಿ ಕೋಣೆಯಿಂದಲೂ ಅಲ್ಲಿಗೆ ಅಳೆದು ಪುಸ್ತಕದಲ್ಲಿ ಬರೆಯುತ್ತೇವೆ. ಟೇಪು ಹಿಡಿಯಲು ಶಾಲೆಯ ಮಕ್ಕಳು ಒಪ್ಪಿದ್ದಾರೆ. ಅಳತೆ ಶುರುವಾಗುವುದು ಅಜ್ಜಿಯ ಅರೆಯುವ ಕಲ್ಲಿನಿಂದ. ಗೂಟ, ಹಗ್ಗ, ಒಂದು ಸುತ್ತಿಗೆ ತನ್ನಿ. ಚಹಾ ಅಜ್ಜಿಯೇ ಮಾಡುತ್ತಾರಂತೆ, ಸಕ್ಕರೆ ಮಾತ್ರ ನೀವು ತರಬೇಕು.