ಚಪ್ಪರ ಬಿಚ್ಚುವವರು ಯಾರು?



2023ರ ಜುಲೈ 14ರ ಮಧ್ಯಾಹ್ನ ನಿಮ್ಮಲ್ಲಿ ಬಹುಮಂದಿ ಟೀವಿಯ ಮುಂದೆ ಕುಳಿತು ಚಂದ್ರಯಾನ-3ರ ಉಡಾವಣೆಯನ್ನು ನೋಡಿರುತ್ತೀರಿ. ಅಂದು ರಾಕೆಟ್ಟು ಮೊದಲು ಗೊತ್ತುಮಾಡಿದ್ದ ಹೊತ್ತಿಗಿಂತ ನಾಲ್ಕು ಸೆಕೆಂಡು ತಡವಾಗಿ ಮೇಲೆದ್ದಿತು. ಯಂತ್ರದ ದೋಷದಿಂದಲ್ಲ, ರಾಹುಕಾಲದ ಲೆಕ್ಕದಿಂದಲೂ ಅಲ್ಲ. ಹೇಳಿದ ಹೊತ್ತಿಗೇ ಹೊರಟಿದ್ದರೆ ಮೇಲೆ ಸುತ್ತುತ್ತಿದ್ದ ಒಂದು ಕಸದ ತುಂಡು ನಮ್ಮ ನೌಕೆಯ ತೀರ ಹತ್ತಿರಕ್ಕೆ ಬರುವ ಸಂಭವವಿತ್ತು. ಅದಕ್ಕಾಗಿ ಇಸ್ರೋದವರು ಕಾದರು. ಚಂದ್ರನ ಬಳಿಗೆ ಹೊರಟವರೂ ಕಸಕ್ಕೆ ದಾರಿ ಬಿಟ್ಟು ನಿಲ್ಲಬೇಕಾದ ಕಾಲ ಬಂದಿದೆ. ಈ ಸಲ ಆ ಕಸದ ವಿಷಯವನ್ನೇ ಮಾತಾಡೋಣ.

ನಾನು ವಿಜ್ಞಾನ ಓದಿದವಳಲ್ಲ, ಇಂಗ್ಲಿಷಿನಲ್ಲಿ ಬಿ.ಎ. ಮುಗಿಸಿ ಮನೆ ನಡೆಸಿದವಳು. ಆದರೆ ಕಸದ ವಿಷಯದಲ್ಲಿ ಗೃಹಿಣಿಗಿಂತ ದೊಡ್ಡ ಪಂಡಿತರು ಯಾರಿದ್ದಾರೆ, ನೀವೇ ಹೇಳಿ!

ಮೊದಲು ಒಂದು ಕನ್ನಡ ಶಬ್ದ ನೆನಪಿಟ್ಟುಕೊಳ್ಳಿ: ಕಕ್ಷೆ. ನೀವು ಆರ್ಬಿಟ್ ಎನ್ನುವುದೇ ಇದು. 1957ರ ಅಕ್ಟೋಬರ್ 4ರಂದು ಸೋವಿಯತ್ ದೇಶ ಸ್ಪುಟ್ನಿಕ್ಕನ್ನು ಕಕ್ಷೆಗೆ ಏರಿಸಿತು. ಅಂದಿನಿಂದ ಮೇಲೆ ಹೋದುದೆಲ್ಲ ತನ್ನ ಕೆಲಸ ಮುಗಿಸಿ ಕೆಳಗೆ ಬಂದಿಲ್ಲ. ಸತ್ತ ಉಪಗ್ರಹಗಳು, ಇಂಧನ ತೀರಿದ ರಾಕೆಟ್ಟಿನ ಹಂತಗಳು, ಬೋಲ್ಟುಗಳು, ಬಣ್ಣದ ಚಕ್ಕೆಗಳು ಅಲ್ಲೇ ಸುತ್ತುತ್ತಿವೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ 2025ರ ವರದಿಯಂತೆ ನೆಲದಿಂದ ಕಣ್ಣಿಟ್ಟಿರುವ ವಸ್ತುಗಳು ಸುಮಾರು 40,000. ಅವುಗಳಲ್ಲಿ ದುಡಿಯುತ್ತಿರುವ ಉಪಗ್ರಹಗಳು 11,000ದಷ್ಟು ಮಾತ್ರ. ಒಂದು ಸೆಂಟಿಮೀಟರಿಗಿಂತ ದೊಡ್ಡ ಚೂರುಗಳೆಲ್ಲ ಸೇರಿ 12 ಲಕ್ಷಕ್ಕೂ ಹೆಚ್ಚೆಂದು ಅಂದಾಜು.

ಇಷ್ಟು ವಿಶಾಲವಾದ ಆಕಾಶದಲ್ಲಿ ಒಂದು ಬೋಲ್ಟು ಯಾರಿಗೆ ಏನು ಮಾಡೀತು ಎನ್ನುವಿರಾ? ಅದರ ವೇಗ ನೋಡಿ. ಕೆಳ ಕಕ್ಷೆಯಲ್ಲಿ ಯಾವುದೇ ವಸ್ತು ಸೆಕೆಂಡಿಗೆ ಏಳೂವರೆ ಕಿಲೋಮೀಟರಿನಷ್ಟು ಓಡುತ್ತದೆ. ನಾವು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹಾಸಿಗೆ ಹಾಸಿ, ಊಟ ಕಟ್ಟಿಕೊಂಡು ಒಂದು ಇಡೀ ದಿನ ಕಳೆದು ಮುಂಬಯಿಯಿಂದ ಬೆಂಗಳೂರು ಸೇರುತ್ತೇವಲ್ಲ, ಆ ದೂರವನ್ನು ಅದು ಎರಡೇ ನಿಮಿಷದಲ್ಲಿ ದಾಟಿಬಿಡುತ್ತದೆ. 1983ರಲ್ಲಿ ಚಾಲೆಂಜರ್ ನೌಕೆಯ ಕಿಟಕಿಯ ಗಾಜಿಗೆ ಒಂದು ಬಣ್ಣದ ಚಕ್ಕೆ ಬಡಿದು ಗುಳಿ ಬಿದ್ದಿತು, ಗಾಜನ್ನೇ ಬದಲಿಸಬೇಕಾಯಿತು. ಬಣ್ಣದ ಚಕ್ಕೆಯ ಪ್ರತಾಪವೇ ಇಷ್ಟಾದರೆ ಬೋಲ್ಟಿನ ಮಾತೇನು?

ಇನ್ನೊಂದು ವಿಷಯ ಎತ್ತರದ್ದು. ನಾನೂರು ಕಿಲೋಮೀಟರಿಗಿಂತ ಕೆಳಗೆ ಅತಿ ತೆಳುವಾದ ಗಾಳಿ ಇನ್ನೂ ಇರುವುದರಿಂದ ಅಲ್ಲಿಯ ಕಸ ನಿಧಾನವಾಗಿ ಕೆಳಗಿಳಿದು ಸಾಮಾನ್ಯವಾಗಿ ಕೆಲವೇ ವರ್ಷಗಳಲ್ಲಿ ಉರಿದುಹೋಗುತ್ತದೆ. ಎಂಟುನೂರು ಕಿಲೋಮೀಟರಿನಲ್ಲಿ ಬಿಟ್ಟದ್ದು ನೂರು ವರ್ಷವಾದರೂ ಇಳಿಯದಿರಬಹುದು. ನೀವು ಇಂದು ಬಿಟ್ಟುಬಂದದ್ದನ್ನು ನಿಮ್ಮ ಮೊಮ್ಮಕ್ಕಳು ಕಾಣುತ್ತಾರೆ ಎಂದಂತಾಯಿತು.

1978ರಲ್ಲಿ ಅಮೆರಿಕದ ನಾಸಾ ವಿಜ್ಞಾನಿ ಡೊನಾಲ್ಡ್ ಕೆಸ್ಲರ್ ತನ್ನ ಸಹೋದ್ಯೋಗಿಯೊಡನೆ ಒಂದು ಎಚ್ಚರಿಕೆ ಕೊಟ್ಟ. ಎರಡು ವಸ್ತು ಡಿಕ್ಕಿ ಹೊಡೆದರೆ ಸಾವಿರ ಚೂರು. ಆ ಚೂರುಗಳು ಬೇರೆಯವಕ್ಕೆ ಬಡಿದರೆ ಮತ್ತಷ್ಟು ಚೂರು. ಕೊನೆಗೆ ನಾವು ಹೊಸದೇನನ್ನೂ ಹಾರಿಸದಿದ್ದರೂ ಕಸ ತಾನೇ ಬೆಳೆಯುತ್ತ ಹೋಗಬಹುದು. 2009ರ ಫೆಬ್ರವರಿ 10ರಂದು ಸೈಬೀರಿಯದ ಮೇಲೆ ಅಮೆರಿಕದ ಇರಿಡಿಯಂ-33 ಎಂಬ ದುಡಿಯುತ್ತಿದ್ದ ಉಪಗ್ರಹಕ್ಕೆ ರಷ್ಯದ ಕಾಸ್ಮೋಸ್-2251 ಎಂಬ ಸತ್ತ ಉಪಗ್ರಹ ಬಡಿಯಿತು. ಗುರುತಿಸಬಹುದಾದ ಚೂರುಗಳೇ ಎರಡು ಸಾವಿರ ಮೀರಿದವು.

ಇದು ಆಕಸ್ಮಿಕ. ಬೇಕೆಂದೇ ಒಡೆದವರೂ ಇದ್ದಾರೆ. 2007ರಲ್ಲಿ ಚೀನ ತನ್ನದೇ ಹಳೆಯ ಹವಾಮಾನ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದು ಮೂರು ಸಾವಿರಕ್ಕೂ ಹೆಚ್ಚು ಚೂರು ಮಾಡಿತು. 2021ರಲ್ಲಿ ರಷ್ಯ ಅದನ್ನೇ ಮಾಡಿದಾಗ ಅಂತರರಾಷ್ಟ್ರೀಯ ನಿಲ್ದಾಣದಲ್ಲಿದ್ದವರು, ಅವರಲ್ಲಿ ರಷ್ಯನ್ನರೂ ಇದ್ದರು, ತಮ್ಮ ನೌಕೆಗಳೊಳಗೆ ಹೊಕ್ಕು ಕುಳಿತರು. 2019ರ ಮಾರ್ಚ್ 27ರಂದು ನಾವೂ ಒಂದನ್ನು ಒಡೆದೆವು. ಸುಮಾರು ಮುನ್ನೂರು ಕಿಲೋಮೀಟರ್ ಎತ್ತರವನ್ನೇ ಆರಿಸಿದ್ದರಿಂದ ಹೆಚ್ಚಿನ ಚೂರುಗಳು ಕೆಲವು ತಿಂಗಳಲ್ಲಿ ಉರಿದುಹೋದವು. ಮೇಲಕ್ಕೆ ಚಿಮ್ಮಿದ ಕೆಲವು ಮಾತ್ರ ತಡಮಾಡಿದವು. ಇನ್ನು 2001ರಲ್ಲಿ ನಮ್ಮ ಪಿಎಸ್ಎಲ್‌ವಿ-ಸಿ3 ರಾಕೆಟ್ಟಿನ ಕೊನೆಯ ಹಂತ ಕೆಲಸ ಮುಗಿಸಿದ ಮೇಲೆ ತಾನಾಗಿ ಸಿಡಿದು 371 ಚೂರುಗಳಾಯಿತು. ಅವುಗಳಲ್ಲಿ 52 ಚೂರು 2022ರ ಕೊನೆಯಲ್ಲೂ ಸುತ್ತುತ್ತಿದ್ದವೆಂದು ಇಸ್ರೋ ತಾನೇ ಲೆಕ್ಕ ಕೊಟ್ಟಿದೆ. ನಮ್ಮದನ್ನು ಮುಚ್ಚಿಟ್ಟು ಪಕ್ಕದ ಮನೆಯವರನ್ನು ಬೈಯುವುದು ಸರಿಯಲ್ಲ, ಅಲ್ಲವೇ?

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಮದುವೆಗೆ ಚಪ್ಪರ ಹಾಕಲು ಬೀದಿಯ ಮಂದಿಯೆಲ್ಲ ಸೇರುತ್ತಾರೆ, ಬಿಚ್ಚುವ ದಿನ ಯಾರೂ ಕಾಣುವುದಿಲ್ಲ. ನಮ್ಮ ಸಂಘದ ರಾಜ್ಯೋತ್ಸವಕ್ಕೇ ನೋಡಿ: ತೋರಣ ಕಟ್ಟಲು ಇಪ್ಪತ್ತು ಕೈಗಳು, ರಾತ್ರಿ ಕುರ್ಚಿ ಮಡಿಸಲು ನಾಲ್ಕೇ. ಆದರೂ ಹಾಲ್ ಮಾತ್ರ ಸ್ವಚ್ಛವಾಗುತ್ತದೆ, ಏಕೆ ಗೊತ್ತೆ? ಮೊದಲೇ ಡಿಪಾಸಿಟ್ ಕಟ್ಟಿರುತ್ತೇವೆ. ಕಸ ಬಿಟ್ಟುಹೋದರೆ ಹಣ ಹೋಯಿತು.

ಕಕ್ಷೆಗೆ ಅಂಥ ಡಿಪಾಸಿಟ್ ಇಲ್ಲ. 1979ರ ಜುಲೈನಲ್ಲಿ ಸ್ಕೈಲ್ಯಾಬ್ ಬೀಳುತ್ತದೆಂದು ನಮ್ಮ ಹಳ್ಳಿಪಟ್ಟಣಗಳಲ್ಲೆಲ್ಲ ದಿಗಿಲು. ನಿಮ್ಮ ಅಜ್ಜಿಯರನ್ನು ಕೇಳಿ, ಕಥೆ ಕಥೆಯಾಗಿ ಹೇಳುತ್ತಾರೆ. ಅದರ ತುಂಡುಗಳು ಬಿದ್ದದ್ದು ಪಶ್ಚಿಮ ಆಸ್ಟ್ರೇಲಿಯದಲ್ಲಿ. ಅಲ್ಲಿಯ ಎಸ್ಪರೆನ್ಸ್ ಊರಿನ ಆಡಳಿತ ಕಸ ಚೆಲ್ಲಿದ್ದಕ್ಕೆಂದು ನಾಸಾಕ್ಕೆ 400 ಡಾಲರ್ ದಂಡ ಹಾಕಿತು. ನಾಸಾ ಕೊಡಲಿಲ್ಲ. ಮೂವತ್ತು ವರ್ಷಗಳ ನಂತರ, 2009ರಲ್ಲಿ, ಅಮೆರಿಕದ ಒಬ್ಬ ರೇಡಿಯೋ ನಿರೂಪಕ ತನ್ನ ಕೇಳುಗರಿಂದ ಕೂಡಿಸಿ ಆ ಹಣ ಕಟ್ಟಿದ! ತಮಾಷೆಯೆಂದು ನಕ್ಕರೂ ತತ್ತ್ವ ಅದರಲ್ಲೇ ಇದೆ: ಚೆಲ್ಲಿದವನೊಬ್ಬ, ತೆತ್ತವನು ಮತ್ತೊಬ್ಬ. ಉಪಗ್ರಹಗಳಿಗೆ ಕಕ್ಷೆಯ ಬಾಡಿಗೆ ಹಾಕಬೇಕೆಂದು ಕೆಲವು ಅರ್ಥಶಾಸ್ತ್ರಜ್ಞರು 2020ರಲ್ಲಿ ಸೂಚಿಸಿದ್ದು ಇದೇ ಕಾರಣಕ್ಕೆ.

ಡಿಪಾಸಿಟ್ ಇಲ್ಲದೆಯೂ ಮರ್ಯಾದೆಯಿಂದ ಚಪ್ಪರ ಬಿಚ್ಚಿದ ಉದಾಹರಣೆ ನಮ್ಮಲ್ಲೇ ಇದೆ. ಮೇಘಾ-ಟ್ರಾಪಿಕ್ಸ್ ಎಂಬುದು ಭಾರತ ಮತ್ತು ಫ್ರಾನ್ಸ್ ಸೇರಿ 2011ರಲ್ಲಿ ಹಾರಿಸಿದ ಉಪಗ್ರಹ. ಮೂರು ವರ್ಷ ಬಾಳಲೆಂದು ಮಾಡಿದ್ದು, 2021ರವರೆಗೂ ಹವಾಮಾನದ ಮಾಹಿತಿ ಕೊಟ್ಟಿತು. ಅದರಲ್ಲಿ 120 ಕಿಲೋದಷ್ಟು ಇಂಧನ ಉಳಿದಿತ್ತು. ಹಾಗೆಯೇ ಬಿಟ್ಟಿದ್ದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ತಿರುಗುತ್ತಿತ್ತು, ಇಂಧನ ಸಿಡಿಯುವ ಭಯ ಬೇರೆ. ಇಸ್ರೋದವರು ಆ ಇಂಧನವನ್ನೇ ಬಳಸಿ ತಿಂಗಳುಗಟ್ಟಲೆ ಹಂತಹಂತವಾಗಿ ಅದನ್ನು ಕೆಳಗಿಳಿಸಿ, 2023ರ ಮಾರ್ಚ್ 7ರಂದು ಜನವಸತಿಯಿಲ್ಲದ ಶಾಂತಸಾಗರದ ಮೇಲೆ ಬೀಳಿಸಿದರು. ಹೀಗೆ ಇಳಿಸಲೆಂದು ರೂಪಿಸಿದ ಉಪಗ್ರಹ ಅದಾಗಿರಲಿಲ್ಲ ಎಂಬುದನ್ನೂ ಗಮನಿಸಿ. ಕಾರ್ಟೊಸ್ಯಾಟ್-2ನ್ನೂ ಮೊದಲೇ ಕೆಳಕ್ಕೆ ತಂದಿದ್ದರಿಂದ ಮೂವತ್ತು ವರ್ಷ ಕಾಯಿಸದೆ 2024ರ ಫೆಬ್ರವರಿಯಲ್ಲಿ ಅದು ಕೆಳಗೆ ಬಂತು.

ಬೆಂಗಳೂರಿನ ಪೀಣ್ಯದಲ್ಲಿ ಇಸ್ರೋ ತೆರೆದಿರುವ ಕೇಂದ್ರ ಕಸದ ಮೇಲೆ ಕಣ್ಣಿಟ್ಟು, ನಮ್ಮ ಉಪಗ್ರಹಗಳು ಯಾವಾಗ ಪಕ್ಕಕ್ಕೆ ಸರಿಯಬೇಕೆಂದು ಲೆಕ್ಕ ಹಾಕುತ್ತದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ನಡೆದ ಅಂತರರಾಷ್ಟ್ರೀಯ ಸಭೆಯಲ್ಲಿ, 2030ರ ವೇಳೆಗೆ ಸರಕಾರಿ, ಖಾಸಗಿ ಎನ್ನದೆ ಭಾರತದ ಎಲ್ಲ ಯಾನಗಳೂ ಕಸ ಬಿಡದಂತೆ ನಡೆಯುವ ಗುರಿಯನ್ನು ಇಸ್ರೋ ಘೋಷಿಸಿತು.

ಹಳೆಯ ಕಸದ ಗತಿಯೇನು? ಜಪಾನಿನ ಒಂದು ಕಂಪೆನಿಯ ನೌಕೆ 2024ರಲ್ಲಿ ತಮ್ಮ ದೇಶದ ಹಳೆಯ ರಾಕೆಟ್ಟಿನ ಹಂತವೊಂದಕ್ಕೆ ಹದಿನೈದು ಮೀಟರಿನಷ್ಟು ಹತ್ತಿರ ಹೋಗಿ ನೋಡಿಬಂತು. ಹಿಡಿದು ಇಳಿಸುವುದು ಮುಂದಿನ ಹೆಜ್ಜೆ. ಆದರೆ 1967ರ ಬಾಹ್ಯಾಕಾಶ ಒಪ್ಪಂದದಂತೆ ಸತ್ತ ಉಪಗ್ರಹವೂ ಹಾರಿಸಿದ ದೇಶದ ಸೊತ್ತೇ; ಅವರನ್ನು ಕೇಳದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಆದ್ದರಿಂದ ಗುಡಿಸುವುದಕ್ಕಿಂತ ಚೆಲ್ಲದಿರುವುದೇ ಸುಲಭ, ಅಗ್ಗ.

ನಿಮ್ಮಲ್ಲಿ ಎಂಜಿನಿಯರಿಂಗ್ ಓದುತ್ತಿರುವವರು ಅನೇಕರಿದ್ದೀರಿ. ಈಗ ಉಪಗ್ರಹ ಮಾಡುವ ಖಾಸಗಿ ಕಂಪೆನಿಗಳೂ ನಮ್ಮ ದೇಶದಲ್ಲಿ ಹುಟ್ಟಿಕೊಂಡಿವೆ. ನಿಮ್ಮಲ್ಲಿ ಕೆಲವರು ಅಲ್ಲಿಗೆ ಸೇರಬಹುದು. ಇಳಿಸುವುದಕ್ಕೆಂದು ತೆಗೆದಿಟ್ಟ ಇಂಧನ ಲೆಕ್ಕದ ಪುಸ್ತಕದಲ್ಲಿ ನಷ್ಟದಂತೆ ಕಾಣುತ್ತದೆ. ಅದನ್ನೂ ದುಡಿಸಿಕೊಂಡರೆ ಇನ್ನೊಂದೆರಡು ವರ್ಷ ಸಂಪಾದನೆಯಾದೀತು ಎಂದು ಮೇಲಿನವರು ಹೇಳಿಯಾರು. ಅಂಥ ಸಭೆಯಲ್ಲಿ ಎದ್ದುನಿಂತು, "ಸರ್, ಇದನ್ನು ಇಳಿಸುವುದು ಹೇಗೆ, ಯಾವಾಗ?" ಎಂದು ಕೇಳುವವರು ಒಬ್ಬರಾದರೂ ಬೇಕು. ಆ ಒಬ್ಬರು ನಮ್ಮ ಸಂಘದ ಹುಡುಗಿಯೋ ಹುಡುಗನೋ ಆದರೆ ನನಗೆ ಎಷ್ಟು ಹೆಮ್ಮೆ ಎಂಬುದನ್ನು ಬೇರೆ ಹೇಳಬೇಕೆ?

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.