ಪೋಪರ ಪತ್ರವನ್ನು ಕೂಲಿಕಾರನ ಮಗ ಓದಬಾರದೇ?

ಹೈಸ್ಕೂಲು ಮಕ್ಕಳಿಗೆ ಕಥೋಲಿಕ ಧರ್ಮದ ವಿಚಾರವನ್ನೂ, ಅದನ್ನು ನಂಬಿದ ಜನರ ಬಾಳುವೆಯನ್ನೂ ಪಾಠವಾಗಿ ತಿಳಿಸಬೇಕೆಂದು ಯಾರಾದರೂ ಬಾಯಿ ತೆರೆದರೆ ಸಾಕು, ಎರಡು ದಿಕ್ಕಿನಿಂದ ಕೂಗು ಏಳುತ್ತದೆ. ಒಂದು ಕಡೆಯವರು 'ಮತಾಂತರ, ಮತಾಂತರ' ಎಂದು ಬೊಬ್ಬೆ ಹಾಕುತ್ತಾರೆ. ಇನ್ನೊಂದು ಕಡೆಯವರು, ಬಿಳಿ ನಿಲುವಂಗಿಯವರು, 'ಅದು ನಮ್ಮ ಮನೆಯ ವ್ಯವಹಾರ, ಧರ್ಮೋಪದೇಶದ ತರಗತಿಯಲ್ಲಿ ನಾವೇ ನೋಡಿಕೊಳ್ಳುತ್ತೇವೆ' ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಹಾವು ಮುಂಗುಸಿಗಳಂತೆ ಕಾದಾಡುವ ಈ ಎರಡು ಪಂಗಡಗಳು ಒಂದು ವಿಷಯದಲ್ಲಿ ಮಾತ್ರ ಒಂದಾಗಿವೆ. ದುಡಿಯುವವನ ಮಗನಿಗೆ ಈ ವಿಚಾರ ತಿಳಿಯಕೂಡದು! ತಿಳಿಯಲೇಬೇಕು ಎಂಬುದು ನಮ್ಮ ವಾದ.

ಈಗ ನಡೆಯುತ್ತಿರುವುದೇನು? ಕಥೋಲಿಕ ಆಡಳಿತದ ಅನೇಕ ಹೈಸ್ಕೂಲುಗಳಲ್ಲಿ ಗಂಟೆ ಬಾರಿಸಿದೊಡನೆ ತರಗತಿ ಇಬ್ಭಾಗವಾಗುತ್ತದೆ. ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ, ಉಳಿದವರು ನೀತಿಪಾಠಕ್ಕೆ. ಅಲ್ಲಿ ಹತ್ತು ಕಟ್ಟಳೆ, ಏಳು ಸಂಸ್ಕಾರಗಳ ಬಾಯಿಪಾಠ. ಇಲ್ಲಿ ಸುಳ್ಳು ಹೇಳಬೇಡ, ಉಗುರು ಕತ್ತರಿಸು. ಒಂದೇ ಬೆಂಚಿನ ಮೇಲೆ ವರ್ಷಗಟ್ಟಲೆ ಕುಳಿತ ಇಬ್ಬರು ಹುಡುಗರಲ್ಲಿ ಒಬ್ಬನ ಮನೆಯ ದೇವರ ಕೋಣೆಯಲ್ಲಿ ಏನಿದೆ ಎಂಬುದು ಇನ್ನೊಬ್ಬನಿಗೆ ಗೊತ್ತಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನೇ ನೋಡಿ. ಕರಾವಳಿಯಲ್ಲಿ ಆ ದಿನಗಳಲ್ಲಿ ಹೂವು, ಕಬ್ಬು, ತರಕಾರಿ ಮಾರುವ ಅಂಗಡಿಯವರಿಗೆ ಅದು ಚೆನ್ನಾಗಿ ಗೊತ್ತು. ಹೊಸ ಭತ್ತದ ತೆನೆ ಇಗರ್ಜಿಯಲ್ಲಿ ಆಶೀರ್ವಾದ ಪಡೆದು ಮನೆಗೆ ಬರುತ್ತದೆ, ಮನೆಮಂದಿಯೆಲ್ಲ ಹೊಸ ಅಕ್ಕಿಯನ್ನು ಹಂಚಿಕೊಂಡು ಮೀನು ಮಾಂಸವಿಲ್ಲದ ಊಟ ಮಾಡುತ್ತಾರೆ. ಪಕ್ಕದ ತುಳುವರ ಮನೆಯಲ್ಲಿ ತೆನೆ ಕಟ್ಟುವುದಕ್ಕೂ ಇದಕ್ಕೂ ಎಷ್ಟು ದೂರ? ತರಕಾರಿ ಅಂಗಡಿಯವನಿಗೆ ಗೊತ್ತಿರುವಷ್ಟೂ ಹೈಸ್ಕೂಲಿನ ಹುಡುಗನಿಗೆ ಗೊತ್ತಿಲ್ಲವೆಂದರೆ ಅದೆಂಥ ವಿದ್ಯೆ?

'ಸಂವಿಧಾನ ಬಿಡುವುದಿಲ್ಲ' ಎಂಬ ಕುಂಟುನೆಪವೊಂದಿದೆ. 28ನೆಯ ವಿಧಿ ಹೇಳುವುದು ಇಷ್ಟೇ. ಪೂರ್ತಿಯಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು. ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಅದಕ್ಕೆ ಕೂರಿಸಕೂಡದು. ಇದು ನ್ಯಾಯವಾದ ಮಾತು, ನಾವೂ ಒಪ್ಪುತ್ತೇವೆ. ಆದರೆ ಧರ್ಮವನ್ನು ಬೋಧಿಸುವುದು ಬೇರೆ, ಧರ್ಮದ ವಿಚಾರವನ್ನು ತಿಳಿಸುವುದು ಬೇರೆ. ಅರುಣಾ ರಾಯ್ ಮೊಕದ್ದಮೆಯಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಮೊಣಕಾಲೂರಿಸುವುದು ಪಾದ್ರಿಯ ಕೆಲಸ. ಇನ್ನೊಬ್ಬ ಏಕೆ ಮೊಣಕಾಲೂರುತ್ತಾನೆಂದು ವಿವರಿಸುವುದು ಮೇಷ್ಟ್ರ ಕೆಲಸ.

ಇನ್ನು ಗಿರಣಿಯ ಮಾತಿಗೆ ಬರೋಣ. 1891ರ ಮೇ 15ರಂದು ಪೋಪ್ 13ನೆಯ ಲಿಯೋ 'ರೇರುಂ ನೋವಾರುಂ' ಎಂಬ ಪತ್ರ ಹೊರಡಿಸಿದರು. ಕಾರ್ಮಿಕನನ್ನು ಜೀತದಾಳಿನಂತೆ ಕಾಣಕೂಡದು, ಮಿತವಾಗಿ ಬಾಳುವ ಕೂಲಿಕಾರನ ಹೊಟ್ಟೆ ತುಂಬುವಷ್ಟಾದರೂ ಕೂಲಿ ಸಿಗಬೇಕು, ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದು ಅವರ ಸಹಜ ಹಕ್ಕು ಎಂದು ಆ ಪತ್ರ ಸಾರಿತು. ಅದರಲ್ಲಿ ಸಮಾಜವಾದಿಗಳಿಗೂ ಸಾಕಷ್ಟು ಬೈಗುಳವಿದೆ, ಖಾಸಗಿ ಆಸ್ತಿಯ ಗುಣಗಾನವಿದೆ. ಇರಲಿ, ಹುಡುಗರು ಅದನ್ನೂ ಓದಲಿ, ನಮಗೇನೂ ಹೆದರಿಕೆಯಿಲ್ಲ. ಆದರೆ ಜಪಮಾಲೆಯ ರಹಸ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುವ ಎಷ್ಟು ಮಂದಿ ಕಥೋಲಿಕ ಹುಡುಗರು ಈ ಪತ್ರದ ಹೆಸರು ಕೇಳಿದ್ದಾರೆ? ಹಂಚಿನ ಕಾರ್ಖಾನೆಯಲ್ಲಿ, ಗೇರುಬೀಜದ ಕಾರ್ಖಾನೆಯಲ್ಲಿ ಬೆನ್ನು ಬಾಗಿಸಿದವರ ಮಕ್ಕಳಿಗೆ ಈ ಪುಟವನ್ನೇ ತೆರೆದು ತೋರಿಸದಿರುವುದು ಯಾರ ಅನುಕೂಲಕ್ಕೆ?

ಪಾದ್ರಿಯಾಗಲೆಂದು 1946ರಲ್ಲಿ ಬೆಂಗಳೂರಿನ ಸೆಮಿನರಿ ಸೇರಿದ ಮಂಗಳೂರಿನ ಹುಡುಗ ಜಾರ್ಜ್ ಫರ್ನಾಂಡಿಸ್, ಅಲ್ಲಿ ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ, ಶಿಷ್ಯರಿಗೆ ಬೇರೆಯದು ಎಂಬುದನ್ನು ಕಂಡು ಸಹಿಸದೆ ಹೊರಬಿದ್ದರು. ಮುಂದೆ ಮುಂಬಯಿಯ ಹೋಟೆಲು, ಟ್ಯಾಕ್ಸಿ ಕಾರ್ಮಿಕರನ್ನು ಕಟ್ಟಿದರು, 1974ರಲ್ಲಿ ರೈಲ್ವೆ ಮುಷ್ಕರದ ಮುಂದಾಳಾದರು. ಅವರ ಕೊನೆಗಾಲದ ರಾಜಕೀಯದ ಬಗ್ಗೆ ನಮ್ಮ ತಕರಾರು ಬೇರೆ ಇದೆ. ಆ ಊಟದ ಮೇಜಿನ ಕಥೆ ಮಾತ್ರ ಕಥೋಲಿಕರ ಬಾಳಿನ ಪಾಠದಲ್ಲಿ ಸೇರತಕ್ಕದ್ದೇ.

ಪಾಠವೆಂದರೆ ಹೊಗಳಿಕೆಯಲ್ಲ. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಗೋವೆಯಲ್ಲಿ ನಡೆದ ಇನ್‌ಕ್ವಿಸಿಷನ್, ಮತಾಂತರವಾದವರು ಹಳೆಯ ಪದ್ಧತಿ ಉಳಿಸಿಕೊಂಡರೆಂದು ಶಿಕ್ಷಿಸಿತು. ಇದು ಇಗರ್ಜಿಗೆ ಬೇಡದ ಪುಟ. 1784ರಲ್ಲಿ ಟಿಪ್ಪುವಿನ ಅಪ್ಪಣೆಯಿಂದ ಕೆನರಾದ ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದರು, ಬದುಕಿ ಉಳಿದವರು ಬಿಡುಗಡೆ ಕಂಡದ್ದು 1799ರಲ್ಲಿ. ಇದು ನಮ್ಮ ಕೆಲವು ಸ್ನೇಹಿತರಿಗೆ ಬೇಡದ ಪುಟ. ಎರಡನ್ನೂ ಓದಿಸಬೇಕು. ಶಿಲುಬೆಯ ಕೆಳಗೆ ನಿಂತ ಮೇಲೂ ಬಾಮಣ, ಚಾರೋಡಿ, ಶೂದ್ರ ಎಂಬ ಭೇದ ಏಕೆ ಅಳಿಯಲಿಲ್ಲ ಎಂದು ಹುಡುಗರು ಕೇಳಬೇಕು. ದಲಿತನು ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಹಕ್ಕು ಏಕೆ ಕಳೆದುಹೋಗುತ್ತದೆ, 1950ರ ರಾಷ್ಟ್ರಪತಿ ಆಜ್ಞೆಯಲ್ಲಿ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ತೆರೆದ ಬಾಗಿಲು ಇವನಿಗೇಕೆ ಮುಚ್ಚಿದೆ ಎಂದೂ ಕೇಳಬೇಕು. ಮೊದಲ ಪ್ರಶ್ನೆ ಬಿಷಪ್ಪರಿಗೆ, ಎರಡನೆಯದು ದಿಲ್ಲಿಗೆ. ಇಬ್ಬರೂ ಮುಖ ಗಂಟಿಕ್ಕುತ್ತಾರೆ.

ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಕಂಡಿದೆ. ಅಂದು ಪ್ರಾರ್ಥನಾಲಯಗಳ ಮೇಲೆ ಕಲ್ಲೆತ್ತಿದವರೂ ಯಾವುದೋ ಶಾಲೆಯ ಬೆಂಚು ಸವೆಸಿದವರೇ ಇರಬೇಕು. ಬೀದಿಯ ಸಣ್ಣ ಅಂಗಡಿಯವನು ಬಾಗಿಲು ಮುಚ್ಚಿ ಆ ದಿನಗಳ ವ್ಯಾಪಾರ ಕಳೆದುಕೊಂಡ. ಮಾಲೀಕನಿಗೇನು ನಷ್ಟ? ಇಗರ್ಜಿಗೆ ಹೋಗುವ ಕೂಲಿಕಾರನೂ ಗುಡಿಗೆ ಹೋಗುವ ಕೂಲಿಕಾರನೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡುವವರೆಗೆ ಬೋನಸ್ಸಿನ ಮಾತು ಎತ್ತುವವರಿಲ್ಲ.

'ಇದನ್ನು ಹೇಳಿಕೊಡುವವರು ಯಾರು?' ಎಂದು ವಿದ್ಯಾ ಇಲಾಖೆ ತಲೆ ಕೆರೆದುಕೊಳ್ಳಬೇಕಾಗಿಲ್ಲ. ಸಮಾಜ ವಿಜ್ಞಾನದ ಮೇಷ್ಟ್ರೇ ಸಾಕು, ಪಾದ್ರಿಯೂ ಬೇಡ, ಪುರೋಹಿತನೂ ಬೇಡ. ವಾರಕ್ಕೊಂದು ಪೀರಿಯಡ್, ತರಗತಿಯನ್ನು ಒಡೆಯದೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿ. ಉಳಿದ ಧರ್ಮಗಳಿಗೂ ಇದೇ ರೀತಿ ಸರದಿ ಬರಲಿ. ನಂಬಿಕೆಗೆ ಅಂಕ ಬೇಡ. ಮೊದಲನೆಯದಾಗಿ 1891ರ ಆ ಪತ್ರದ ಸಾರವನ್ನು ಸರಳ ಕನ್ನಡದಲ್ಲಿ ಅಚ್ಚುಹಾಕಿಸಿ ಹೈಸ್ಕೂಲುಗಳಿಗೆ ಕಳಿಸಲಿ. ಇಲಾಖೆಗೆ ಖರ್ಚು ಭಾರವೆನಿಸಿದರೆ ಬಿಷಪ್ಪರನ್ನು ಕೇಳಲಿ. ಜಪದ ಪುಸ್ತಕಕ್ಕೆ ಸಿಗುವ ಕಾಗದ ಇದಕ್ಕೂ ಸಿಗಬೇಕು.