ಲಿನೆನ್ ಬಟ್ಟೆಗೆ ಎಣ್ಣೆ ಬಿದ್ದಾಗ

ಬಟ್ಟೆಗೆ ಎಣ್ಣೆ ಬಿದ್ದೊಡನೆ ನೀರಿನ ನಲ್ಲಿಗೆ ಓಡುವುದು ಅನೇಕ ಮನೆಗಳ ವಾಡಿಕೆ. ಲಿನೆನ್ನಿನ ವಿಷಯದಲ್ಲಿ ಅದೇ ಮೊದಲನೆಯ ತಪ್ಪು. ಎಣ್ಣೆಗೂ ನೀರಿಗೂ ಸ್ನೇಹವಿಲ್ಲ. ತಣ್ಣೀರು ಸುರಿದು ಉಜ್ಜಿದರೆ ಬಿಂದುವಿನಷ್ಟಿದ್ದ ಜಿಡ್ಡು ಅಂಗೈಯಗಲ ಹರಡಿ ನೂಲಿನ ಒಳಕ್ಕೆ ಇಳಿಯುತ್ತದೆ.

ಬೆಂಗಳೂರಿನ ದಂಡು ಪ್ರದೇಶಕ್ಕೆ ಲಿನೆನ್ ಹೊಸದಲ್ಲ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಯೂರಿದ ಮೇಲೆ ಎದ್ದ ಬಂಗಲೆಗಳಲ್ಲಿ ಅದು ಮೇಜಿನ ಹಾಸಾಗಿ, ಕೈವಸ್ತ್ರವಾಗಿ ಬಳಕೆಗೆ ಬಂದಿತು. ಕ್ಯಾಥೊಲಿಕ್ ಇಗರ್ಜಿಗಳ ಬಲಿಪೀಠಕ್ಕೆ ಲಿನೆನ್ನನ್ನೇ ಹಾಸುವುದು ಹಳೆಯ ಸಂಪ್ರದಾಯ. ಈಗ ಅದೇ ಬಟ್ಟೆ ಸೀರೆ, ಅಂಗಿ, ಕುರ್ತಾಗಳ ರೂಪದಲ್ಲಿ ಕಮರ್ಷಿಯಲ್ ಸ್ಟ್ರೀಟಿನಿಂದ ಇಂದಿರಾನಗರ, ಕೆ.ಆರ್. ಪುರಗಳ ಮನೆಗಳಿಗೆ ಬರುತ್ತಿದೆ. ಬೆಲೆ ಸಾಧಾರಣ ಹತ್ತಿಬಟ್ಟೆಗಿಂತ ಹೆಚ್ಚು. ಆದುದರಿಂದ ಒಗ್ಗರಣೆಯ ಒಂದು ಹನಿ ಸಿಡಿದರೂ ಗೃಹಿಣಿಯ ಎದೆ ಧಸಕ್ಕೆನ್ನುವುದು ಸಹಜವೇ.

ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಬಳಸುವ ಅಗಸಿ ಬೀಜದ ಗಿಡವೇ ಲಿನೆನ್ನಿನ ತಾಯಿ. ಬೀಜಕ್ಕಾಗಿ ಬೆಳೆಯುವ ತಳಿ ಬೇರೆ, ನಾರಿಗಾಗಿ ಬೆಳೆಯುವ ನೀಳ ಕಾಂಡದ ತಳಿ ಬೇರೆ. ಕುಲ ಮಾತ್ರ ಒಂದೇ. ಪ್ರಾಚೀನ ಈಜಿಪ್ಟಿನ ಮಮ್ಮಿಗಳಿಗೆ ಸುತ್ತಿದ ಬಟ್ಟೆಯೂ ಇದೇ. ಈ ಬೀಜದ ಎಣ್ಣೆ ಗಾಳಿ ತಾಕಿದಂತೆ ಗಟ್ಟಿ ಪೊರೆಯಾಗುವುದನ್ನು ಚಿತ್ರಕಾರರು ಬಲ್ಲರು. ಅಡುಗೆಯ ಸೂರ್ಯಕಾಂತಿ ಎಣ್ಣೆಗೂ ಈ ಗುಣ ಸ್ವಲ್ಪಮಟ್ಟಿಗೆ ಉಂಟು. ಬಿಸಿ ತಗುಲಿದರೆ ಈ ಕ್ರಿಯೆ ಇನ್ನೂ ಚುರುಕಾಗುತ್ತದೆ. ಹಳೆಯ ಕಲೆ ಹಳದಿಗಟ್ಟಿ ಅಂಟಿಕೊಳ್ಳುವುದರ ಗುಟ್ಟು ಇದೇ. ಆದುದರಿಂದ ಕಲೆ ಪೂರ್ಣ ಹೋಗುವ ತನಕ ಇಸ್ತ್ರಿ ಕೂಡದು. ಬೀದಿಯ ತಿರುವಿನ ಇಸ್ತ್ರಿ ಗಾಡಿಗೆ ಆ ಬಟ್ಟೆ ಹೋಗಿಬಂದಿತೆಂದರೆ ಮುಂದಿನ ಕೆಲಸ ಇಮ್ಮಡಿಯಾಗುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಒಣಬಟ್ಟೆಯಿಂದ ಒತ್ತಿ ಎಣ್ಣೆಯನ್ನು ಹೀರಬೇಕು; ಉಜ್ಜಬಾರದು. ಅಂಗಿಯಾದರೆ ಒಂದು ಮಗ್ಗುಲಿನ ಎಣ್ಣೆ ಇನ್ನೊಂದಕ್ಕೆ ದಾಟದಂತೆ ನಡುವೆ ತಟ್ಟೆಯನ್ನಿಡಬೇಕು. ಅನಂತರ ಕಲೆಯ ಮೇಲೆ ಟಾಲ್ಕಂ ಪೌಡರನ್ನಾಗಲಿ ಬಿಳಿಯ ಸೀಮೆಸುಣ್ಣದ ಪುಡಿಯನ್ನಾಗಲಿ ದಪ್ಪವಾಗಿ ಉದುರಿಸಿ, ಅರ್ಧ ಗಂಟೆಯಾದರೂ ಬಿಟ್ಟು ಕೊಡವಬೇಕು. ಪುಡಿ ಜಿಡ್ಡನ್ನು ಹೀರಿ ಒದ್ದೆಯಾದಂತೆ ಕಂಡರೆ ಮತ್ತೊಮ್ಮೆ ಹಾಕಬಹುದು. ಬಳಿಕ ಪಾತ್ರೆ ತೊಳೆಯುವ ದ್ರವದ ಎರಡು ಹನಿಗಳನ್ನು ಕಲೆಗೆ ಹಚ್ಚಿ, ಬೆರಳ ತುದಿಯಿಂದ ಮೃದುವಾಗಿ ಸವರಿ, ಹತ್ತು ನಿಮಿಷದ ಮೇಲೆ ನೀರಿನಲ್ಲಿ ಜಾಲಿಸಬೇಕು. ಬಿಳಿಯ ಲಿನೆನ್ ಚೆನ್ನಾದ ಬಿಸಿನೀರನ್ನು ತಾಳುತ್ತದೆ. ಬಣ್ಣದ್ದಕ್ಕೆ ಉಗುರುಬೆಚ್ಚಗಿನ ನೀರೇ ಕ್ಷೇಮ. ಜರಿಯಂಚಿನ ಸೀರೆಯಾದರೆ ಒಳಮಡಿಕೆಯ ಮೂಲೆಯಲ್ಲಿ ಮೊದಲು ಪರೀಕ್ಷಿಸುವುದು ಲೇಸು.

ನೀರಿನ ಗುಣವನ್ನೂ ಗಮನಿಸಬೇಕು. 1974ರಲ್ಲಿ ನಗರಕ್ಕೆ ಬಂದ ಕಾವೇರಿಯ ನೀರು ಮೆದು. ಕೆ.ಆರ್. ಪುರದ ಕಡೆ ಕೊಳವೆಬಾವಿಯನ್ನು ನೆಚ್ಚಿದ ಮನೆಗಳು ಇಂದಿಗೂ ಉಂಟು. ಆ ನೀರು ಗಡುಸಾಗಿರುವುದೇ ಹೆಚ್ಚು. ಗಡುಸು ನೀರಿನ ಸುಣ್ಣದಂಶ ಸಾಬೂನಿನೊಡನೆ ಸೇರಿ ನೊರೆಯ ಬದಲು ಗಷ್ಟಾಗಿ, ಬಟ್ಟೆಯ ಮೇಲೆ ಬೂದುಬಣ್ಣದ ಪದರವಾಗಿ ಕೂರುತ್ತದೆ. ಅಲ್ಲಿ ಬಾರ್ ಸೋಪಿಗಿಂತ ಡಿಟರ್ಜೆಂಟ್ ದ್ರವವೇ ಉತ್ತಮ. ಅಜ್ಜಿಯರ ಕಾಲದ ಅಂಟುವಾಳವೂ ಜಿಡ್ಡನ್ನು ಬಿಡಿಸಬಲ್ಲುದು. ಆದರೆ ಅದರ ಕಷಾಯವನ್ನು ಚೆನ್ನಾಗಿ ಸೋಸದಿದ್ದರೆ ಬಿಳಿಯ ಬಟ್ಟೆಗೆ ಕಂದುಛಾಯೆ ಬಂದೀತು.

ಸಾಂಬಾರಿನ ಕಲೆಯಲ್ಲಿ ಎಣ್ಣೆಯ ಜೊತೆಗೆ ಅರಿಸಿನವೂ ಇರುತ್ತದೆ. ಸಾಬೂನು ಹಚ್ಚಿದೊಡನೆ ಆ ಹಳದಿ ಕೆಂಪಾಗುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಕ್ಷಾರ ತಗುಲಿದ ಅರಿಸಿನದ ಸ್ವಭಾವವೇ ಅದು. ಮೊದಲು ಎಣ್ಣೆಯನ್ನು ತೆಗೆದು, ಆಮೇಲೆ ಬಿಳಿಯ ಬಟ್ಟೆಯನ್ನು ಎಳೆಬಿಸಿಲಿಗೆ ಹರವಿದರೆ ಅರಿಸಿನದ ಬಣ್ಣ ತಾನಾಗಿ ಮಾಸುತ್ತದೆ.

ಎರಡು ಎಚ್ಚರಿಕೆಗಳು ಅವಶ್ಯ. ಕ್ಲೋರಿನ್ ಬ್ಲೀಚು ಎಣ್ಣೆಯನ್ನು ತೆಗೆಯುವುದಿಲ್ಲ. ನಾರನ್ನು ಮಾತ್ರ ದುರ್ಬಲಗೊಳಿಸುತ್ತದೆ. ಪೆಟ್ರೋಲಿನಿಂದ ಒರೆಸುವ ಹಳೆಯ ಪದ್ಧತಿಯಂತೂ ಸರ್ವಥಾ ಬೇಡ. ಅದರ ಆವಿಗೆ ಒಲೆಯ ಕಿಡಿಯೊಂದು ಸಾಕು. ಒಂದು ಸೀರೆಯನ್ನು ಉಳಿಸಹೋಗಿ ಜೀವಕ್ಕೇ ಅಪಾಯ ತಂದುಕೊಂಡಂತಾದೀತು.

ಒದ್ದೆಯ ಲಿನೆನ್ನಿನಲ್ಲಿ ಕಲೆ ಅಡಗಿಕೊಳ್ಳುತ್ತದೆ. ಆದುದರಿಂದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಛಾಯೆ ಉಳಿದಿದ್ದರೆ ಬೇಸರಿಸದೆ ಮತ್ತೊಮ್ಮೆ ಮೊದಲಿನಿಂದ ಪುಡಿ, ದ್ರವ, ನೀರು. ತಿಂಗಳ ಹಿಂದಿನ ಕಲೆಗೆ ಮೂರುನಾಲ್ಕು ಬಾರಿ ಬೇಕಾದೀತು. ಅಂದೇ ಕಂಡ ಕಲೆಗೆ ಬಹುಪಾಲು ಒಂದೇ ಬಾರಿ ಸಾಕು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆಯ ಎಚ್ಚರಿಕೆ ಇಲ್ಲಿಯೂ ಒಪ್ಪುತ್ತದೆ. ಎಣ್ಣೆ ಬಿದ್ದ ಗಳಿಗೆಯಲ್ಲಿ ಕಣ್ಣು ತೆರೆದಿರುವ ಮನೆಯಲ್ಲಿ ಲಿನೆನ್ ಬಹುಕಾಲ ಬಾಳುತ್ತದೆ.